ಹೆರಿಗೆಯ ನಂತರದ ಆರು ವಾರ: ಬಾಣಂತಿಯ ಆರೈಕೆಗೆ ಫೋನು ಎಷ್ಟರಮಟ್ಟಿಗೆ ಒದಗುತ್ತದೆ?

ದಿನ ತುಂಬುತ್ತ ಬಂದಂತೆ ಗರ್ಭಿಣಿಯ ತಪಾಸಣೆಗಳೂ ಹತ್ತಿರ ಹತ್ತಿರವಾಗುತ್ತವೆ. ಮೊದಮೊದಲು ತಿಂಗಳಿಗೊಮ್ಮೆ, ಆಮೇಲೆ ಹದಿನೈದು ದಿನಕ್ಕೊಮ್ಮೆ, ಕೊನೆಯ ತಿಂಗಳು ವಾರವಾರವೂ. ಹೋದಾಗಲೆಲ್ಲ ಬಿಪಿ ನೋಡುತ್ತಾರೆ, ತೂಕ ನೋಡುತ್ತಾರೆ, ಕಾಲು ಊದಿದೆಯೇ ಎಂದು ಒತ್ತಿ ನೋಡುತ್ತಾರೆ. ಹೆರಿಗೆಯಾಗಿ ಮಗುವನ್ನೆತ್ತಿಕೊಂಡು ಮನೆಗೆ ಬಂದ ಮೇಲೆ ಈ ನಿಗಾ ಒಮ್ಮೆಲೇ ನಿಂತುಹೋಗುತ್ತದೆ. ಮಗುವಿಗೆ ಲಸಿಕೆಯ ತಾರೀಖುಗಳನ್ನು ಒಂದೊಂದಾಗಿ ಬರೆದುಕೊಟ್ಟಿರುತ್ತಾರೆ. ತಾಯಿಗೆ ಸಿಗುವುದು ಬಹಳ ಸಲ ಒಂದೇ ಸಾಲು: ‘ಆರು ವಾರ ಬಿಟ್ಟು ಬನ್ನಿ.’

ಈ ನಡುವಿನ ಖಾಲಿ ದಿನಗಳನ್ನು ತುಂಬಲು ಫೋನು, ವಿಡಿಯೋ ಕರೆ, ಮೆಸೇಜು, ಮನೆಯಲ್ಲಿಟ್ಟುಕೊಳ್ಳುವ ಬಿಪಿ ಮಷೀನು ಇವನ್ನೆಲ್ಲ ಬಳಸುವ ಪ್ರಯತ್ನ ಹಲವು ದೇಶಗಳಲ್ಲಿ ನಡೆದಿದೆ. ಕೋವಿಡ್ ಕಾಲದಲ್ಲಿ ಆಸ್ಪತ್ರೆಗೆ ಹೋಗುವುದೇ ಕಷ್ಟವಾದಾಗ ಇದು ವೇಗವಾಗಿ ಹರಡಿತು. ಇದರಿಂದ ಏನಾಗುತ್ತದೆ, ಏನಾಗುವುದಿಲ್ಲ ಎಂಬುದು ಬಾಣಂತಿಗೂ ಮನೆಯವರಿಗೂ ತಿಳಿದಿದ್ದರೆ ಒಳ್ಳೆಯದು. ಯಾವ ತೊಂದರೆಗೆ ಫೋನು ಸಾಕು, ಯಾವುದಕ್ಕೆ ತಕ್ಷಣ ಗಾಡಿ ಹತ್ತಬೇಕು ಎನ್ನುವುದು ಜೀವಕ್ಕೆ ಸಂಬಂಧಿಸಿದ ತಿಳಿವಳಿಕೆ.

ಅಪಾಯ ಯಾವಾಗ ಬರುತ್ತದೆ?

ಹೆರಿಗೆಯಾದರೆ ಕಷ್ಟ ಕಳೆಯಿತು ಎಂಬ ಭಾವನೆ ಸಹಜ. ಆದರೆ ಒಂಬತ್ತು ತಿಂಗಳು ಬದಲಾಗುತ್ತ ಬಂದ ದೇಹ ಹಿಂದಿನ ಸ್ಥಿತಿಗೆ ಬರಲು ವಾರಗಳು ಬೇಕು. ಗರ್ಭಕೋಶ ಕುಗ್ಗಬೇಕು, ಹೊಲಿಗೆ ಮಾಯಬೇಕು, ಮೈಯಲ್ಲಿ ಹೆಚ್ಚಾಗಿ ಸೇರಿದ್ದ ನೀರು ಹೊರಗೆ ಹೋಗಬೇಕು, ಹಾರ್ಮೋನುಗಳು ಇಳಿಯಬೇಕು. ಅದರ ಜೊತೆಗೇ ಎದೆಹಾಲು ಶುರುವಾಗಬೇಕು. ಇದೆಲ್ಲವೂ ನಿದ್ದೆಯಿಲ್ಲದ ರಾತ್ರಿಗಳಲ್ಲಿ ನಡೆಯುತ್ತದೆ.

ಈ ಅವಧಿಯ ಅಪಾಯಗಳಿಗೆ ಒಂದೊಂದಕ್ಕೂ ಅದರದೇ ಕಾಲವಿದೆ. ಅತಿರಕ್ತಸ್ರಾವದ ಭಯ ಹೆಚ್ಚಾಗಿರುವುದು ಮೊದಲ 24 ಗಂಟೆಯಲ್ಲಿ. ರಕ್ತದೊತ್ತಡ ಗರಿಷ್ಠ ಮಟ್ಟಕ್ಕೆ ಏರುವುದು ಸಾಮಾನ್ಯವಾಗಿ ಮೂರನೆಯ ದಿನದಿಂದ ಆರನೆಯ ದಿನದ ನಡುವೆ, ಅಂದರೆ ಬಹಳಷ್ಟು ಮಂದಿ ಆಗಲೇ ಮನೆ ಸೇರಿರುವಾಗ. ಗರ್ಭಕೋಶದ ಮತ್ತು ಹೊಲಿಗೆಯ ಸೋಂಕು ಹೆಚ್ಚಾಗಿ ಮೊದಲ ಎರಡು ವಾರಗಳಲ್ಲಿ ತಲೆದೋರುತ್ತದೆ. ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಸಾಧ್ಯತೆ ಮೊದಲ ಆರು ವಾರ ಜಾಸ್ತಿ. ಮನಸ್ಸಿನ ಖಿನ್ನತೆ ಮೊದಲ ವರ್ಷದಲ್ಲಿ ಯಾವಾಗ ಬೇಕಾದರೂ ಬರಬಹುದು.

ಆರು ವಾರಕ್ಕೆ ಒಂದೇ ಒಂದು ತಪಾಸಣೆ ಇಟ್ಟುಕೊಂಡರೆ ಮಳೆಗಾಲ ಕಳೆದ ಮೇಲೆ ಮಾಡಿನ ಹಂಚು ನೋಡಲು ಹತ್ತಿದ ಹಾಗಾಗುತ್ತದೆ. ಸೋರುವ ಹೊತ್ತಿನಲ್ಲಿ ನೋಡಿದವರಿಲ್ಲ.

ಅಮೆರಿಕದ ರೋಗ ನಿಯಂತ್ರಣ ಕೇಂದ್ರ 2017ರಿಂದ 2019ರವರೆಗೆ 36 ರಾಜ್ಯಗಳಲ್ಲಿ ಆದ ತಾಯಂದಿರ ಸಾವುಗಳನ್ನು ಅಲ್ಲಿನ ಪರಿಶೀಲನಾ ಸಮಿತಿಗಳು ಒಂದೊಂದಾಗಿ ನೋಡಿ ಕೊಟ್ಟ ಮಾಹಿತಿಯನ್ನು ವಿಶ್ಲೇಷಿಸಿತು. ಗರ್ಭಧಾರಣೆಗೆ ಸಂಬಂಧಿಸಿದ ಆ ಸಾವುಗಳಲ್ಲಿ ಶೇ. 53ರಷ್ಟು ಸಂಭವಿಸಿದ್ದು ಹೆರಿಗೆಯಾಗಿ ಒಂದು ವಾರ ಕಳೆದ ನಂತರ, ಒಂದು ವರ್ಷದೊಳಗೆ. ಶೇ. 80ಕ್ಕಿಂತ ಹೆಚ್ಚು ಸಾವುಗಳನ್ನು ತಡೆಯಬಹುದಿತ್ತು ಎಂಬುದು ಪರಿಶೀಲನಾ ಸಮಿತಿಗಳ ತೀರ್ಮಾನವಾಗಿತ್ತು. ಇಷ್ಟು ಆಸ್ಪತ್ರೆಗಳಿರುವ ದೇಶದ ಲೆಕ್ಕ ಇದು.

ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೊರತಂದ ಮಾರ್ಗಸೂಚಿ ಇದನ್ನೇ ಗಮನದಲ್ಲಿಟ್ಟುಕೊಂಡಿದೆ. ಅದರ ಪ್ರಕಾರ ಮೊದಲ 24 ಗಂಟೆಯ ಆರೈಕೆಯಾದ ಮೇಲೆ ಕನಿಷ್ಠ ಮೂರು ಸಲ ತಾಯಿ-ಮಗುವನ್ನು ವಿಚಾರಿಸಬೇಕು: 48ರಿಂದ 72 ಗಂಟೆಯೊಳಗೆ ಒಮ್ಮೆ, 7ರಿಂದ 14 ದಿನದೊಳಗೆ ಒಮ್ಮೆ, ಆರನೆಯ ವಾರ ಮತ್ತೊಮ್ಮೆ. ಅಮೆರಿಕದ ಪ್ರಸೂತಿ ತಜ್ಞರ ಕಾಲೇಜು ಎಂಬ ವೃತ್ತಿಸಂಘ 2018ರಲ್ಲಿ ತನ್ನ ಸಲಹೆಯನ್ನು ಬದಲಿಸಿ, ಮೂರು ವಾರದೊಳಗೆ ಮೊದಲ ಸಂಪರ್ಕ ಆಗಲೇಬೇಕು, 12 ವಾರದೊಳಗೆ ಪೂರ್ಣ ತಪಾಸಣೆ ಮುಗಿಯಬೇಕು ಎಂದಿತು. ಆ ಮೊದಲ ಸಂಪರ್ಕಕ್ಕೆ ತಾಯಿ ಆಸ್ಪತ್ರೆಗೇ ಬರಬೇಕೆಂದಿಲ್ಲ, ಫೋನಿನಲ್ಲೂ ಆಗಬಹುದು ಎಂದೂ ಹೇಳಿತು.

ಟೆಲಿಹೆಲ್ತ್ ಎಂದರೆ ವಿಡಿಯೋ ಕರೆ ಮಾತ್ರವಲ್ಲ

ದೂರದಲ್ಲಿದ್ದುಕೊಂಡೇ ಆರೋಗ್ಯ ಸೇವೆ ಕೊಡುವ ಎಲ್ಲ ವಿಧಾನಗಳನ್ನೂ ಒಟ್ಟಾಗಿ ಟೆಲಿಹೆಲ್ತ್ ಎನ್ನುತ್ತಾರೆ. ಬಾಣಂತಿಯ ಆರೈಕೆಯಲ್ಲಿ ಇದು ಮುಖ್ಯವಾಗಿ ಮೂರು ಬಗೆಯಲ್ಲಿ ಬಳಕೆಯಾಗುತ್ತಿದೆ.

ಒಂದು, ನೇರ ಮಾತು. ವೈದ್ಯರೋ ನರ್ಸೋ ಆಪ್ತಸಮಾಲೋಚಕರೋ ಅದೇ ಹೊತ್ತಿನಲ್ಲಿ ಫೋನಿನಲ್ಲಿ ಅಥವಾ ವಿಡಿಯೋದಲ್ಲಿ ಸಿಗುತ್ತಾರೆ. ಎರಡು, ಕಳಿಸಿಟ್ಟು ಉತ್ತರ ಪಡೆಯುವುದು. ಹೊಲಿಗೆಯ ಫೋಟೋ ಅಥವಾ ಒಂದು ಪ್ರಶ್ನೆ ಕಳಿಸಿದರೆ ಅವರು ಬಿಡುವಾದಾಗ ನೋಡಿ ಉತ್ತರಿಸುತ್ತಾರೆ. ಮಗು ಮಲಗಿರುವಾಗ ಮಾತ್ರ ಕೈ ಬಿಡುವಾಗುವ ತಾಯಿಗೆ ಇದು ಅನುಕೂಲ. ಮೂರು, ದೂರದಿಂದಲೇ ನಿಗಾ. ಬಿಪಿ, ಸಕ್ಕರೆ ಅಂಶ ಇಂಥವನ್ನು ಮನೆಯಲ್ಲೇ ಅಳೆದು ಆ ಅಂಕಿಗಳನ್ನು ಆಸ್ಪತ್ರೆಗೆ ತಲುಪಿಸುವುದು.

ಇದಕ್ಕೆಲ್ಲ ಸ್ಮಾರ್ಟ್‌ಫೋನೇ ಬೇಕೆಂದಿಲ್ಲ. ದಕ್ಷಿಣ ಆಫ್ರಿಕಾದ ಆರೋಗ್ಯ ಇಲಾಖೆ 2014ರಲ್ಲಿ ಶುರುಮಾಡಿದ ಮಾಮ್‌ಕನೆಕ್ಟ್ ಎಂಬ ಕಾರ್ಯಕ್ರಮ ಗುಂಡಿ ಒತ್ತುವ ಸಾದಾ ಫೋನಿನಲ್ಲೂ ನಡೆಯುವಂತೆ ರೂಪುಗೊಂಡಿತ್ತು. ಗರ್ಭಿಣಿಯಾಗಿದ್ದಾಗ ಹೆಸರು ನೋಂದಾಯಿಸಿದರೆ ಆಯಾ ಹಂತಕ್ಕೆ ತಕ್ಕ ಸಲಹೆಗಳು ಎಸ್‌ಎಂಎಸ್‌ನಲ್ಲಿ ಬರುತ್ತವೆ, ತಾಯಿ ತಿರುಗಿ ಪ್ರಶ್ನೆ ಕೇಳಲೂಬಹುದು. ಹೆರಿಗೆಯ ನಂತರವೂ ಅದು ಮುಂದುವರಿಯುತ್ತದೆ.

ಬಿಪಿ: ಫೋನು ಚೆನ್ನಾಗಿ ಕೆಲಸ ಮಾಡಿದ ಜಾಗ

ಎಲ್ಲಕ್ಕಿಂತ ಗಟ್ಟಿಯಾದ ಪುರಾವೆ ಇರುವುದು ಇಲ್ಲಿ. ಹಾಗಾಗಿ ಸ್ವಲ್ಪ ವಿವರವಾಗಿಯೇ ನೋಡೋಣ.

ಗರ್ಭಿಣಿಯರಲ್ಲಿ ಬಿಪಿ ಏರಿ ಮೂತ್ರಪಿಂಡ, ಯಕೃತ್ತು, ಮಿದುಳು ಮುಂತಾದ ಅಂಗಗಳಿಗೆ ತೊಂದರೆ ಕೊಡುವ ಸ್ಥಿತಿಗೆ ಪ್ರಿಎಕ್ಲಾಂಪ್ಸಿಯಾ ಎನ್ನುತ್ತಾರೆ. ಅದು ಬಿಗಡಾಯಿಸಿ ಫಿಟ್ಸ್ ಬಂದರೆ ಎಕ್ಲಾಂಪ್ಸಿಯಾ. ಹೆರಿಗೆಯಾದೊಡನೆ ಇದು ವಾಸಿಯಾಗುತ್ತದೆ ಎಂಬ ನಂಬಿಕೆ ಅರ್ಧ ಮಾತ್ರ ಸರಿ. ಮೈಯ ಅಂಗಾಂಶಗಳಲ್ಲಿ ತುಂಬಿಕೊಂಡಿದ್ದ ನೀರು ಹೆರಿಗೆಯ ನಂತರದ ದಿನಗಳಲ್ಲಿ ಮತ್ತೆ ರಕ್ತನಾಳಗಳಿಗೆ ಬರುತ್ತದೆ, ಆಗ ಬಿಪಿ ಇನ್ನೊಮ್ಮೆ ಏರಬಹುದು. ಬಸುರಿಯಾಗಿದ್ದಾಗ ಬಿಪಿಯೇ ಇಲ್ಲದಿದ್ದವರಿಗೂ ಹೆರಿಗೆಯ ನಂತರ ಮೊದಲ ಬಾರಿಗೆ ಈ ತೊಂದರೆ ಕಾಣಿಸಿಕೊಳ್ಳುವುದುಂಟು. ಮೈಗೆ ಏನೂ ಅನಿಸದೆಯೇ ಅಂಕಿ ಏರುತ್ತಿರುತ್ತದೆ ಎನ್ನುವುದೇ ಇದರ ದೊಡ್ಡ ಸಮಸ್ಯೆ.

ಬಿಪಿ ಇದ್ದ ಬಾಣಂತಿಯರನ್ನು ಹತ್ತು ದಿನದೊಳಗೆ ಮತ್ತೆ ನೋಡಬೇಕೆಂಬುದು ವೈದ್ಯಕೀಯ ಸಲಹೆ. ತೀವ್ರವಾಗಿದ್ದರೆ 72 ಗಂಟೆಯೊಳಗೆ. ಆದರೆ ಒಂದು ವಾರದ ಕೂಸನ್ನು ಎತ್ತಿಕೊಂಡು, ಹೊಲಿಗೆಯ ನೋವಿನಲ್ಲಿ, ಬಿಪಿ ನೋಡಿಸುವುದಕ್ಕೆಂದೇ ಆಸ್ಪತ್ರೆಗೆ ಹೋಗಿಬರುವುದು ಎಷ್ಟು ಜನರಿಗೆ ಸಾಧ್ಯ? ಫಿಲಡೆಲ್ಫಿಯಾದಲ್ಲಿರುವ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ವೈದ್ಯರಿಗೆ ಎದುರಾದ ಸಮಸ್ಯೆ ಇದೇ. ಕರೆದರೂ ಅರ್ಧಕ್ಕಿಂತ ಹೆಚ್ಚು ಮಂದಿ ಬರುತ್ತಿರಲಿಲ್ಲ.

ಅವರು 206 ಬಾಣಂತಿಯರನ್ನು ಎರಡು ಗುಂಪು ಮಾಡಿದರು. ಒಂದು ಗುಂಪು ವಾಡಿಕೆಯಂತೆ ಆಸ್ಪತ್ರೆಗೆ ಬಂದು ತೋರಿಸಬೇಕು. ಇನ್ನೊಂದು ಗುಂಪಿಗೆ ಮನೆಗೆ ಹೋಗುವಾಗಲೇ ಬಿಪಿ ಮಷೀನು ಕೊಟ್ಟರು. ಎರಡು ವಾರ, ದಿನಕ್ಕೆ ಎರಡು ಸಲ ಫೋನಿಗೆ ನೆನಪೋಲೆ ಬರುತ್ತದೆ. ಅಳೆದು ಅಂಕಿಯನ್ನು ಮೆಸೇಜು ಮಾಡಿದರೆ ಸಾಕು. ಅಂಕಿ ಹೆಚ್ಚಿದ್ದರೆ ಆಸ್ಪತ್ರೆಗೆ ಸೂಚನೆ ಹೋಗುತ್ತದೆ. 2018ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಮೊದಲ ಹತ್ತು ದಿನಗಳಲ್ಲಿ ಒಮ್ಮೆಯಾದರೂ ಬಿಪಿ ದಾಖಲಾದವರು ಮೆಸೇಜಿನ ಗುಂಪಿನಲ್ಲಿ ಶೇ. 92, ಆಸ್ಪತ್ರೆಗೆ ಬರಬೇಕಿದ್ದ ಗುಂಪಿನಲ್ಲಿ ಶೇ. 44. ಆಸ್ಪತ್ರೆಗೆ ಬರಬೇಕಿದ್ದ ಗುಂಪಿನಲ್ಲಿ ಕಪ್ಪು ಮಹಿಳೆಯರು ಉಳಿದವರಿಗಿಂತ ಬಹಳ ಕಡಿಮೆ ಸಂಖ್ಯೆಯಲ್ಲಿ ಬಂದಿದ್ದರು. ಮೆಸೇಜಿನ ಗುಂಪಿನಲ್ಲಿ ಆ ಅಂತರವೇ ಉಳಿಯಲಿಲ್ಲ. ತಾಯಂದಿರು ಬರಲಿಲ್ಲವೆಂದರೆ ಅದು ಅವರ ಉದಾಸೀನ ಎಂದು ತಿಳಿಯುವವರು ಈ ಅಂಕಿಯನ್ನು ಎರಡು ಸಲ ಓದಬೇಕು.

ಇಲ್ಲಿ ಬಳಸಿದ ತಂತ್ರಜ್ಞಾನ ಹೊಸದೇನಲ್ಲ. ಬಿಪಿ ಮಷೀನು ಹಳೆಯದು, ಮೆಸೇಜು ಹಳೆಯದು. ಹೊಸದೆಂದರೆ ಯಾವ ಅಂಕಿ ಬಂದರೆ ಯಾರು ಏನು ಮಾಡಬೇಕು ಎಂಬುದನ್ನು ಮೊದಲೇ ತೀರ್ಮಾನಿಸಿಟ್ಟುಕೊಂಡಿದ್ದು.

ಮನೆಯಲ್ಲಿ ಬಿಪಿ ಅಳೆಯುವುದಕ್ಕೂ ಒಂದು ಕ್ರಮವಿದೆ. ಮಗುವನ್ನು ಬೇರೆಯವರ ಕೈಗೆ ಕೊಟ್ಟು ಐದು ನಿಮಿಷ ಸುಮ್ಮನೆ ಕೂರಬೇಕು. ಬೆನ್ನಿಗೆ ಆಸರೆ ಇರಲಿ, ಪಾದಗಳು ನೆಲದ ಮೇಲಿರಲಿ, ಕಾಲಿನ ಮೇಲೆ ಕಾಲು ಬೇಡ. ಪಟ್ಟಿಯನ್ನು ಬಟ್ಟೆಯ ಮೇಲೆ ಅಲ್ಲ, ಬರಿ ತೋಳಿಗೆ ಸುತ್ತಬೇಕು. ತೋಳು ಎದೆಯ ಮಟ್ಟದಲ್ಲಿ ಮೇಜಿನ ಮೇಲಿರಬೇಕು. ಅಳೆಯುವಾಗ ಮಾತಾಡಬಾರದು. ಪಟ್ಟಿ ತೋಳಿಗಿಂತ ಚಿಕ್ಕದಿದ್ದರೆ ಅಂಕಿ ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ. 140/90 ಅಥವಾ ಅದಕ್ಕಿಂತ ಮೇಲೆ ಬಂದರೆ ಅಂದೇ ವೈದ್ಯರಿಗೆ ತಿಳಿಸಬೇಕು. ಮೇಲಿನ ಅಂಕಿ 160 ಅಥವಾ ಕೆಳಗಿನದು 110 ಮುಟ್ಟಿದರೆ ಅದು ತುರ್ತು; ಮೆಸೇಜಿನ ಉತ್ತರಕ್ಕೆ ಕಾಯದೆ ಆಸ್ಪತ್ರೆಗೆ ಹೊರಡಬೇಕು.

ಮನಸ್ಸಿನ ಮಾತು

ಹೆರಿಗೆಯಾದ ಎರಡು ಮೂರು ದಿನಕ್ಕೆ ಕಾರಣವಿಲ್ಲದೆ ಅಳು ಬರುವುದು, ಸಣ್ಣದಕ್ಕೂ ಮನಸ್ಸು ಕದಡುವುದು ಬಹಳಷ್ಟು ತಾಯಂದಿರ ಅನುಭವ. ಎರಡು ವಾರದೊಳಗೆ ಅದು ತಾನಾಗಿ ತಿಳಿಯಾಗುತ್ತದೆ. ತಿಳಿಯಾಗದೆ ಉಳಿದರೆ, ಯಾವುದರಲ್ಲೂ ಸಂತೋಷವೇ ಕಾಣದಿದ್ದರೆ, ಮಗು ಮಲಗಿದ್ದಾಗಲೂ ನಿದ್ದೆ ಬಾರದಿದ್ದರೆ, ‘ನಾನು ಒಳ್ಳೆಯ ತಾಯಿಯಲ್ಲ’ ಎಂಬ ಯೋಚನೆ ಬಿಡದೆ ಕಾಡಿದರೆ ಅದು ಪ್ರಸವೋತ್ತರ ಖಿನ್ನತೆ ಇರಬಹುದು. ವಿಶ್ವ ಆರೋಗ್ಯ ಸಂಸ್ಥೆ ಹೇಳುವಂತೆ ಜಗತ್ತಿನಲ್ಲಿ ಆಗತಾನೆ ಹೆತ್ತ ತಾಯಂದಿರಲ್ಲಿ ಸುಮಾರು ಶೇ. 13ರಷ್ಟು ಮಂದಿಗೆ ಮುಖ್ಯವಾಗಿ ಖಿನ್ನತೆಯಂಥ ಮಾನಸಿಕ ತೊಂದರೆ ಇರುತ್ತದೆ.

ಇದನ್ನು ಪತ್ತೆಹಚ್ಚಲು ಹೆಚ್ಚು ಬಳಕೆಯಲ್ಲಿರುವುದು ಎಡಿನ್‌ಬರೋ ಮಾಪಕ. ಸ್ಕಾಟ್ಲೆಂಡಿನಲ್ಲಿ ಸಿದ್ಧವಾಗಿ 1987ರಲ್ಲಿ ಪ್ರಕಟವಾದ ಹತ್ತು ಪ್ರಶ್ನೆಗಳ ಪಟ್ಟಿ ಇದು. ಕಳೆದ ಏಳು ದಿನಗಳಲ್ಲಿ ಹೇಗನಿಸಿತು ಎಂದು ಕೇಳುತ್ತದೆ. ಪ್ರತಿ ಉತ್ತರಕ್ಕೆ 0ರಿಂದ 3 ಅಂಕ, ಒಟ್ಟು 30. ಅಂಕ ಹತ್ತು ದಾಟಿತೆಂದರೆ ಸಾಮಾನ್ಯವಾಗಿ ಇನ್ನಷ್ಟು ವಿಚಾರಿಸುತ್ತಾರೆ. ಕಾಯಿಲೆ ಇದೆ ಎಂದು ಇದೊಂದರಿಂದಲೇ ತೀರ್ಮಾನಿಸುವುದಿಲ್ಲ. ಫೋನಿನ ಪರದೆಯ ಮೇಲೆ ಐದು ನಿಮಿಷದಲ್ಲಿ ಇದನ್ನು ತುಂಬಬಹುದು. ಎದುರಿಗೆ ಕೂತವರ ಮುಖ ನೋಡಿ ಹೇಳಲಾಗದ್ದನ್ನು ಪರದೆಯ ಮೇಲೆ ಗುರುತು ಹಾಕುವುದು ಕೆಲವರಿಗೆ ಸುಲಭ.

ಹತ್ತನೆಯ ಪ್ರಶ್ನೆಯನ್ನು ಮಾತ್ರ ಬೇರೆಯಾಗಿಯೇ ನೋಡಬೇಕು. ತನಗೆ ತಾನೇ ಅಪಾಯ ಮಾಡಿಕೊಳ್ಳುವ ಯೋಚನೆ ಬಂದಿದೆಯೇ ಎಂದು ಅದು ಕೇಳುತ್ತದೆ. ಒಟ್ಟು ಅಂಕ ಎಷ್ಟೇ ಕಡಿಮೆ ಇದ್ದರೂ ಆ ಒಂದು ಉತ್ತರ ‘ಎಂದೂ ಇಲ್ಲ’ ಎಂದಿಲ್ಲದಿದ್ದರೆ ಆ ತಾಯಿಯೊಂದಿಗೆ ಒಬ್ಬ ಮನುಷ್ಯ ಅವತ್ತೇ ಮಾತಾಡಬೇಕು. ಪ್ರಶ್ನಾವಳಿಯನ್ನು ರಾತ್ರಿ ತುಂಬಿಸಿಕೊಂಡು ಸೋಮವಾರ ತೆರೆದು ನೋಡುವ ವ್ಯವಸ್ಥೆ ಇಲ್ಲಿ ನಡೆಯುವುದಿಲ್ಲ.

ಚಿಕಿತ್ಸೆಯ ಮಟ್ಟಿಗೂ ಫೋನಿನ ಬಗ್ಗೆ ಒಳ್ಳೆಯ ಅನುಭವವಿದೆ. ಕೆನಡಾದ ಒಂಟಾರಿಯೋದಲ್ಲಿ ನಡೆದು 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಖಿನ್ನತೆಯ ಸಾಧ್ಯತೆ ಹೆಚ್ಚಿದ್ದ 701 ಬಾಣಂತಿಯರಿದ್ದರು. ಅವರಲ್ಲಿ ಒಂದು ಗುಂಪಿಗೆ ವಾಡಿಕೆಯ ಆರೈಕೆಯ ಜೊತೆಗೆ, ಹಿಂದೆ ಖಿನ್ನತೆ ಅನುಭವಿಸಿ ಚೇತರಿಸಿಕೊಂಡಿದ್ದ ತಾಯಂದಿರು ಫೋನು ಮಾಡಿ ಮಾತಾಡಿಸುತ್ತಿದ್ದರು. ಅವರು ವೈದ್ಯರಲ್ಲ, ಸ್ವಲ್ಪ ತರಬೇತಿ ಪಡೆದ ಸಾಮಾನ್ಯ ಹೆಂಗಸರು. ಹೆರಿಗೆಯಾಗಿ 12 ವಾರಕ್ಕೆ ನೋಡಿದಾಗ ಖಿನ್ನತೆಯ ಲಕ್ಷಣಗಳಿದ್ದವರು ಈ ಗುಂಪಿನಲ್ಲಿ ಶೇ. 14, ಇನ್ನೊಂದರಲ್ಲಿ ಶೇ. 25. ವಿಡಿಯೋ ಇಲ್ಲ, ಆ್ಯಪ್ ಇಲ್ಲ. ‘ನನಗೂ ಹೀಗೇ ಆಗಿತ್ತು’ ಎನ್ನಬಲ್ಲ ಒಬ್ಬರು ಫೋನಿನ ಆ ತುದಿಯಲ್ಲಿದ್ದರು.

ಬಾಣಂತಿಸನ್ನಿ ಇದಕ್ಕಿಂತ ಬೇರೆ. ಸಾವಿರದಲ್ಲಿ ಒಬ್ಬಿಬ್ಬರಿಗೆ ಬರುವ ಈ ಸ್ಥಿತಿಯಲ್ಲಿ ಇಲ್ಲದ್ದು ಕಾಣುವುದು, ಕೇಳುವುದು, ಗೊಂದಲದ ಮಾತು, ದಿನಗಟ್ಟಲೆ ನಿದ್ದೆಯೇ ಇಲ್ಲದಿರುವುದು ಕಂಡುಬರುತ್ತದೆ. ಇದಕ್ಕೆ ಫೋನಿನ ಸಮಾಲೋಚನೆ ಸಾಲದು. ತಾಯಿ-ಮಗುವನ್ನು ಒಂಟಿಯಾಗಿ ಬಿಡದೆ ಆಸ್ಪತ್ರೆಗೆ ಕರೆದೊಯ್ಯಬೇಕು.

ಎದೆಹಾಲು, ಹೊಲಿಗೆ

ಹಾಲುಣಿಸುವಾಗಿನ ತೊಂದರೆಗಳಲ್ಲಿ ಬಹುಪಾಲು ಮಗು ಎದೆ ಹಿಡಿಯುವ ರೀತಿಯಲ್ಲಿರುತ್ತವೆ. ವಿಡಿಯೋದಲ್ಲಿ ಇದನ್ನು ನೋಡಿ ತಿದ್ದಲು ಸಾಧ್ಯ, ಆದರೆ ಕ್ಯಾಮೆರಾ ಸರಿಯಾದ ಜಾಗದಲ್ಲಿರಬೇಕು. ತಾಯಿಯ ಮುಖದ ಎದುರಲ್ಲ, ಮಗುವಿನ ಕೆನ್ನೆಯ ಪಕ್ಕದಿಂದ ಹಿಡಿಯಬೇಕು. ಬಾಯಿ ಅಗಲವಾಗಿ ತೆರೆದಿದೆಯೇ, ಕೆಳತುಟಿ ಹೊರಮಡಚಿದೆಯೇ, ಗಲ್ಲ ಎದೆಗೆ ತಾಗಿದೆಯೇ ಎಂಬುದು ಆಗ ಕಾಣುತ್ತದೆ. ಐದನೆಯ ದಿನದ ಹೊತ್ತಿಗೆ ಮಗು ದಿನಕ್ಕೆ ಆರು ಸಲವಾದರೂ ಉಚ್ಚೆ ಹೊಯ್ಯುತ್ತಿದ್ದರೆ ಹಾಲು ಸಾಕಾಗುತ್ತಿದೆ ಎಂದು ಅಂದಾಜಿಸಬಹುದು. ಅಷ್ಟಾದರೂ ತೂಕ ನೋಡಿಸಲು ಮಗುವನ್ನು ಕರೆದೊಯ್ಯಲೇಬೇಕು.

ಸಿಸೇರಿಯನ್ ಗಾಯದ ಫೋಟೋ ತೆಗೆಯುವುದಾದರೆ ಹಗಲು ಬೆಳಕಿನಲ್ಲಿ, ಫ್ಲ್ಯಾಶ್ ಇಲ್ಲದೆ, ಪ್ರತಿ ಸಲವೂ ಅಷ್ಟೇ ದೂರದಿಂದ ತೆಗೆಯಿರಿ. ಹೋಲಿಸಿ ನೋಡಲು ಅನುಕೂಲ. ಆದರೆ ಗಾಯದ ಸುತ್ತ ಬಿಸಿಯಾಗಿದೆಯೇ, ವಾಸನೆ ಇದೆಯೇ ಎಂಬುದನ್ನು ಫೋಟೋ ಹೇಳುವುದಿಲ್ಲ, ಅದನ್ನು ಬಾಯಿಬಿಟ್ಟೇ ಹೇಳಬೇಕು. ಕಪ್ಪು ಅಥವಾ ಕಂದು ಚರ್ಮದ ಮೇಲೆ ಸೋಂಕಿನ ಕೆಂಪು ಫೋಟೋದಲ್ಲಿ ಸುಲಭಕ್ಕೆ ಗೊತ್ತಾಗುವುದಿಲ್ಲ. ಫೋಟೋ ಚೆನ್ನಾಗಿ ಕಂಡರೂ ನೋವು ಹೆಚ್ಚುತ್ತಿದ್ದರೆ ಹೋಗಿ ತೋರಿಸುವುದೇ ಸರಿ.

ಫೋನಿಗೆ ಆಗದ ಕೆಲಸಗಳು

ಹೊಟ್ಟೆ ಮುಟ್ಟಿ ಗರ್ಭಕೋಶ ಕುಗ್ಗಿದೆಯೇ ಎಂದು ನೋಡುವುದು, ಒಳಗಿನ ಹೊಲಿಗೆ ಪರೀಕ್ಷಿಸುವುದು, ರಕ್ತ ಪರೀಕ್ಷೆ, ಕಾಪರ್-ಟಿ ಹಾಕುವುದು ದೂರದಿಂದ ಆಗುವುದಿಲ್ಲ. ಬಸುರಿಯಾಗಿದ್ದಾಗ ಸಕ್ಕರೆ ಕಾಯಿಲೆ ಬಂದಿದ್ದವರು ಹೆರಿಗೆಯಾಗಿ 4ರಿಂದ 12 ವಾರದೊಳಗೆ ಗ್ಲೂಕೋಸ್ ಕುಡಿದು ಮಾಡಿಸಬೇಕಾದ ಪರೀಕ್ಷೆಯೂ ಲ್ಯಾಬಿನಲ್ಲೇ ಆಗಬೇಕು. ಆ ಪರೀಕ್ಷೆಯನ್ನು ಬಹಳ ಮಂದಿ ಮರೆಯುತ್ತಾರೆ. ಅಲ್ಲಿ ಫೋನು ಮಾಡಬಹುದಾದ ಉಪಕಾರ ನೆನಪಿಸುವುದು. ಮುಂದಿನ ಮಗುವಿನ ಅಂತರ, ಗರ್ಭನಿರೋಧಕಗಳ ಬಗ್ಗೆ ಮಾತುಕತೆ ಮಾತ್ರ ಫೋನಿನಲ್ಲೇ ಚೆನ್ನಾಗಿ ಆಗುತ್ತದೆ.

ಇನ್ನೊಂದು ಸೂಕ್ಷ್ಮವಿದೆ. ಮನೆಯಲ್ಲಿ ಹೊಡೆತ ಬಡಿತ ಇದ್ದರೆ, ಅಥವಾ ಬೇಸರ ಹೇಳಿಕೊಂಡರೆ ಬೈಯುವವರಿದ್ದರೆ, ಸ್ಪೀಕರ್ ಹಾಕಿದ ಕರೆಯಲ್ಲಿ ಯಾವ ತಾಯಿಯೂ ನಿಜ ಹೇಳುವುದಿಲ್ಲ. ಫೋನೇ ಮನೆಯ ಬೇರೆಯವರದ್ದಾಗಿರಬಹುದು. ಹಾಗಾಗಿ ‘ಈಗ ಒಬ್ಬರೇ ಇದ್ದೀರಾ, ಮಾತಾಡಬಹುದೇ?’ ಎಂದು ಮೊದಲು ಕೇಳಬೇಕು. ಇಲ್ಲವೆಂದರೆ ಹೌದು-ಅಲ್ಲ ಎಂಬ ಉತ್ತರ ಸಾಕಾಗುವಂತೆ ಪ್ರಶ್ನೆ ಕೇಳಬೇಕು, ಅಥವಾ ಬೇರೆ ಹೊತ್ತು ಗೊತ್ತುಮಾಡಬೇಕು. ಹೊಡೆತದ ಬಗ್ಗೆ ಅವರು ಒಬ್ಬರೇ ಇದ್ದಾಗ ಮಾತ್ರ ಕೇಳಬೇಕು. ಕರೆ ರೆಕಾರ್ಡ್ ಆಗುತ್ತದೆಯೇ, ಕಳಿಸಿದ ಫೋಟೋ ಯಾರ ಕಣ್ಣಿಗೆ ಬೀಳುತ್ತದೆ ಎಂದು ಕೇಳುವ ಹಕ್ಕು ಬಾಣಂತಿಗಿದೆ.

ಡಿಸ್ಚಾರ್ಜ್ ಆಗುವ ಮುಂಚೆ ಕೇಳಬೇಕಾದ್ದು

ನಿಮ್ಮ ಆಸ್ಪತ್ರೆಯಲ್ಲಿ ಇಂಥ ಸೇವೆ ಇದ್ದರೆ ಹೊರಡುವ ಮುಂಚೆಯೇ ಕೇಳಿಕೊಳ್ಳಿ: ಹಗಲಿಗೆ ಯಾವ ನಂಬರು, ರಾತ್ರಿಗೆ ಯಾವುದು? ಫೋನು ಎತ್ತುವವರು ಯಾರು, ಅವರಿಗೆ ನನ್ನ ಹೆರಿಗೆಯ ವಿವರ ಕಾಣುತ್ತದೆಯೇ? ಮೆಸೇಜಿಗೆ ಎಷ್ಟು ಹೊತ್ತಿನಲ್ಲಿ ಉತ್ತರ ಬರುತ್ತದೆ? ಹೋಗಲೇಬೇಕಾಗಿ ಬಂದರೆ ಎಲ್ಲಿಗೆ? ಈ ಕೊನೆಯ ಪ್ರಶ್ನೆಗೆ ಉತ್ತರವಿಲ್ಲದಿದ್ದರೆ ಫೋನಿನ ಸೇವೆ ಅರ್ಧಕ್ಕೇ ನಿಲ್ಲುತ್ತದೆ, ಏಕೆಂದರೆ ಅಪಾಯ ಗೊತ್ತಾದ ಮೇಲೆ ಚಿಕಿತ್ಸೆ ಕೊಡುವವರು ಬೇಕಲ್ಲ.

ಕೆಲವು ಲಕ್ಷಣಗಳಿಗೆ ಕರೆ ಮಾಡುತ್ತ ಕೂರಬಾರದು. ಎದೆನೋವು, ಉಸಿರು ಕಟ್ಟಿದಂತಾಗುವುದು, ಫಿಟ್ಸ್, ತನಗೋ ಮಗುವಿಗೋ ಅಪಾಯ ಮಾಡುವ ಯೋಚನೆ ಬಂದರೆ ನೇರ ತುರ್ತು ಚಿಕಿತ್ಸೆಗೆ ಹೋಗಬೇಕು. ಒಂದು ಗಂಟೆಯೊಳಗೆ ಪ್ಯಾಡ್ ಪೂರ್ತಿ ತೊಯ್ದುಹೋಗುವಷ್ಟು ರಕ್ತ, ಅಥವಾ ಮೊಟ್ಟೆಗಿಂತ ದೊಡ್ಡ ಗಡ್ಡೆಗಳು ಹೋಗುವುದು, ಮಾತ್ರೆಗೂ ಬಗ್ಗದ ತಲೆನೋವು, ಕಣ್ಣು ಮಂಜಾಗುವುದು, 38 ಡಿಗ್ರಿ ಸೆಲ್ಸಿಯಸ್ ಮುಟ್ಟಿದ ಜ್ವರ, ಒಂದೇ ಕಾಲು ಊದಿ ನೋಯುವುದು ಇವಕ್ಕೆ ಕೂಡಲೇ ಆಸ್ಪತ್ರೆಯನ್ನು ಸಂಪರ್ಕಿಸಬೇಕು, ತಕ್ಷಣ ಯಾರೂ ಸಿಗದಿದ್ದರೆ ಹೊರಟೇಬಿಡಬೇಕು.

ಹೋದಲ್ಲಿ ಮೊದಲ ಮಾತಿನಲ್ಲೇ ‘ನನಗೆ ಇಂಥ ತಾರೀಖು ಹೆರಿಗೆಯಾಗಿದೆ’ ಎಂದು ಹೇಳಿ. ಮಗುವನ್ನು ಮನೆಯಲ್ಲಿ ಬಿಟ್ಟು ಬಂದ ಹೆಂಗಸನ್ನು ನೋಡಿ ಬಾಣಂತಿ ಎಂದು ಯಾರಿಗೂ ಗೊತ್ತಾಗುವುದಿಲ್ಲ. ತುರ್ತು ವಿಭಾಗದವರಿಗೆ ಅವರ ತಲೆನೋವು ಬರೀ ತಲೆನೋವಾಗಿ ಕಾಣಬಹುದು. ಹೆರಿಗೆಯ ತಾರೀಖು ತಿಳಿದರೆ ಅವರು ಮೊದಲು ಬಿಪಿ ನೋಡುತ್ತಾರೆ. ಹೆರಿಗೆಯಾಗಿ ಒಂದು ವರ್ಷದವರೆಗೂ, ಯಾವ ವೈದ್ಯರ ಬಳಿ ಹೋದರೂ, ಫೋನಿನಲ್ಲಾಗಲಿ ಎದುರಿಗಾಗಲಿ, ಇದನ್ನು ಹೇಳಬೇಕು.